ಪಲ್ಲಾವರದ ಕಲ್ಲು, ಮೂಡೂರಿನ ಅಜ್ಜಿ

1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನ ಸೇನಾ ಕವಾಯತು ಮೈದಾನದಲ್ಲಿ, ಜಲ್ಲಿಗಾಗಿ ತೋಡಿದ್ದ ಗುಂಡಿಯಿಂದ ಹೊರಬಿದ್ದ ಮುರಕಲ್ಲಿನ ಚೂರುಗಳ ನಡುವೆ ರಾಬರ್ಟ್ ಬ್ರೂಸ್ ಫೂಟ್ ಒಂದು ಕಲ್ಲನ್ನು ಎತ್ತಿಕೊಂಡರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ, ಆಗ ವಯಸ್ಸು 28. ಆ ಕಲ್ಲು ತಾನಾಗಿ ಒಡೆದದ್ದಲ್ಲ, ಯಾರೋ ಎರಡೂ ಮಗ್ಗುಲಿಂದ ಚಕ್ಕೆ ಎಬ್ಬಿಸಿ ಅಂಗೈಗೆ ಹೊಂದುವಂತೆ ಮಾಡಿಕೊಂಡದ್ದು ಎಂಬುದು ಅವರಿಗೆ ಗೊತ್ತಾಯಿತು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ಸಿಕ್ಕ ಇಂಥ ಕಲ್ಲುಗಳು ಮನುಷ್ಯನ ಕೈಕೆಲಸವೆಂದು ಯುರೋಪಿನ ವಿದ್ವಾಂಸರು ಒಪ್ಪಿಕೊಂಡು ಆಗಿನ್ನೂ ನಾಲ್ಕೇ ವರ್ಷ. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾದದ್ದು ಆ ಗುಂಡಿಯ ಅಂಚಿನಲ್ಲಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ಕಿಂಗ್, ಮದ್ರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂನಲ್ಲಿ ಇಂಥ ಕಲ್ಲುಗಳ, ಅಂದರೆ ಕೈಗೊಡಲಿಗಳ, ದೊಡ್ಡ ನೆಲೆಯನ್ನೇ ಕಂಡರು. ಪುರಾತತ್ವಜ್ಞೆ ಶಾಂತಿ ಪಪ್ಪು ಮತ್ತು ಅವರ ತಂಡ ಅಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿ, 2011ರಲ್ಲಿ ಪ್ರಕಟಿಸಿದ ಕಾಲನಿರ್ಣಯದ ಪ್ರಕಾರ ಅಲ್ಲಿನ ಹಳೆಯ ಕೈಗೊಡಲಿಗಳಿಗೆ ಸುಮಾರು 15 ಲಕ್ಷ ವರ್ಷ. ಅಂದರೆ ಅವನ್ನು ಮಾಡಿದವರು ನಾವಲ್ಲ, ನಮ್ಮ ಪ್ರಭೇದದ ಮನುಷ್ಯರೇ ಅಲ್ಲ. ಅಲ್ಲಿ ಪ್ರಾಣಿಗಳ ಕೆಲವು ಹಲ್ಲುಗಳು ಸಿಕ್ಕಿವೆ, ಗೊರಸಿನ ಗುರುತು ಸಿಕ್ಕಿದೆ. ಕಲ್ಲು ಕೆತ್ತಿದವರ ಒಂದೇ ಒಂದು ಮೂಳೆಯೂ ಸಿಕ್ಕಿಲ್ಲ.

ವಿಜ್ಞಾನ ಕಥೆ, ಅದ್ಭುತ ಕಥೆ, ಫ್ಯಾಂಟಸಿ ಎಂದೆಲ್ಲ ನಾವು ಕರೆಯುವ, ‘ಹೀಗೊಂದು ಆದರೆ?’ ಎಂದು ಶುರುವಾಗುವ ಬರವಣಿಗೆಗೆ ಕೈಹಾಕಿದವರಿಗೆ ಇದಕ್ಕಿಂತ ದೊಡ್ಡ ಆಸೆ ಹುಟ್ಟಿಸುವ ನೆಲ ಬೇಕಿಲ್ಲ. ಪಲ್ಲಾವರದಲ್ಲಿ ವಾಸವಾಗಿದ್ದು ಕನ್ನಡದಲ್ಲಿ ಬರೆಯುವ ನನಗೂ ಆ ಆಸೆ ಇದೆ. ಆದರೆ ಈ ಆಸೆ ಸಾಮಾನ್ಯವಾಗಿ ಎಳೆದೊಯ್ಯುವ ದಾರಿ ನನಗೆ ಒಪ್ಪಿಗೆಯಾಗುವುದಿಲ್ಲ. ಒಬ್ಬ ಹುಡುಗನಿಗೆ ಕೈಗೊಡಲಿ ಸಿಗುತ್ತದೆ, ಅದನ್ನು ಮುಟ್ಟಿದೊಡನೆ ಬೆಳಕು ಚಿಮ್ಮುತ್ತದೆ, ಅವನು 15 ಲಕ್ಷ ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾನೆ. ಇಂಥ ಕಥೆಗೆ ಪಲ್ಲಾವರಂ ಬೇಕಾಗಿಲ್ಲ. ಕೊಡಲಿಯ ಜಾಗದಲ್ಲಿ ಉಂಗುರವೋ ತಾಯತವೋ ಇದ್ದರೂ ಆದೀತು. ಊರಿನ ಹೆಸರನ್ನು ಮಾತ್ರ ತೆಗೆದುಕೊಂಡು ಊರನ್ನು ಬಿಟ್ಟುಬಂದ ಕಥೆ ಅದು.

ಮುಟ್ಟಿದರೆ ಹಳೆಯ ಕಾಲ ಕಾಣಿಸುವುದು ಎಂಬ ಇದೇ ಕಲ್ಪನೆಯನ್ನು ಹಿಡಿದು ಶಿವರಾಮ ಕಾರಂತರು ಏನು ಮಾಡಿದರು ನೋಡಿ. 1968ರಲ್ಲಿ ಬಂದ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ನಾವು ಯಾರೂ ಅದ್ಭುತ ಕಥೆಗಳ ಕಪಾಟಿನಲ್ಲಿ ಇಡುವುದಿಲ್ಲ. ಆದರೆ ಅದರ ನಟ್ಟನಡುವೆ ಇರುವುದು ಶುದ್ಧ ಅದ್ಭುತವೇ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುಗಳನ್ನು, ಎಲುಬಿನ ಚೂರುಗಳನ್ನು ಮೂಡೂರಿನ ಅಜ್ಜಿ ಕೈಯಲ್ಲಿ ಹಿಡಿದರೆ ಅವುಗಳ ಹಿಂದಿನ ಜನ, ಅವರ ದೇವರು, ಅವರ ಬದುಕು ಅವಳಿಗೆ ಕಾಣಿಸುತ್ತದೆ. ಇದಕ್ಕೆ ಕಾರಂತರು ಯಾವ ಯಂತ್ರವನ್ನೂ ತರಲಿಲ್ಲ, ಮಂತ್ರವನ್ನೂ ತರಲಿಲ್ಲ. ಒಂದು ಅಸಾಧ್ಯ ಸಂಗತಿಯನ್ನು ಇಟ್ಟು, ಉಳಿದದ್ದನ್ನೆಲ್ಲ ಕುಂದಾಪುರ ಸೀಮೆಯಲ್ಲಿ ಇದ್ದದ್ದು ಇದ್ದಂತೆಯೇ ಬಿಟ್ಟರು. ಬಾಲ್ಯದಲ್ಲೇ ವಿಧವೆಯಾದ ಹೆಣ್ಣು ಒಂದು ಮನೆಯಲ್ಲಿ ಹೇಗೆ ಮುದುಕಿಯಾಗುತ್ತಾಳೆ, ಅವಳ ಮಾತಿಗೆ ಯಾರು ಬೆಲೆ ಕೊಡುತ್ತಾರೆ, ಯಾರು ಅರಳುಮರಳು ಎಂದು ತಳ್ಳಿಹಾಕುತ್ತಾರೆ, ಊರಿನ ಹಳಸಿದ ಸಂಸಾರಗಳ ಗುಟ್ಟು ಯಾರಿಗೆ ತಿಳಿದಿರುತ್ತದೆ, ಇವೆಲ್ಲ ಅಲ್ಲಿ ಕರಾರುವಾಕ್ಕಾಗಿವೆ. ಆದ್ದರಿಂದಲೇ ಅಜ್ಜಿ ಸಾವಿರಾರು ವರ್ಷಗಳ ಹಿಂದಿನದನ್ನು ಹೇಳತೊಡಗಿದಾಗ ನಾವು ಅನುಮಾನಿಸುವುದಿಲ್ಲ. ಆಗಲೇ ಅವಳ ಮನೆಯವರಾಗಿಬಿಟ್ಟಿರುತ್ತೇವೆ.

ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳನ್ನು ಬರೆದ, ಯಕ್ಷಗಾನಕ್ಕಾಗಿ ಊರೂರು ಸುತ್ತಿದ ಕಾರಂತರಿಗೆ ನೆಲದ ಮೇಲಿನದೂ ನೆಲದ ಕೆಳಗಿನದೂ ಎರಡೂ ಗೊತ್ತಿತ್ತು. ಕಾರಂತರ ಆ ಕಡಲ ಜಿಲ್ಲೆ 1956ರವರೆಗೂ ಮದ್ರಾಸಿನ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯುವುದು ನನಗೆ ಇಷ್ಟ. ಫೂಟ್ ಅವರ ಸಂಗ್ರಹ ಸೇರಿದ್ದು ಮದ್ರಾಸಿನ ಎಗ್ಮೋರ್ ಮ್ಯೂಸಿಯಮ್ಮನ್ನು. ಅದರಲ್ಲಿ ನಮ್ಮ ಬಳ್ಳಾರಿ ಸೀಮೆಯಲ್ಲಿ ಅವರು ಹೆಕ್ಕಿದ ಕಲ್ಲಿನ ಆಯುಧಗಳೂ ಮಡಕೆ ಚೂರುಗಳೂ ಇವೆ. ಬಳ್ಳಾರಿಯೂ ಆಗ ಮದ್ರಾಸಿಗೇ ಸೇರಿದ್ದ ಜಿಲ್ಲೆ. ಮೂಡೂರಿನ ಅಜ್ಜಿಯ ಕೈಗೆ ಎಗ್ಮೋರಿನ ಒಂದು ಪೆಟ್ಟಿಗೆಯನ್ನು ಕೊಟ್ಟಿದ್ದರೆ ಎಂದು ಯೋಚಿಸುತ್ತ ಆ ಗಾಜಿನ ಕಪಾಟುಗಳ ಮುಂದೆ ನಾನು ನಿಂತದ್ದುಂಟು.

ಹೊಸಬರು ‘ನಮ್ಮ ಸಂಸ್ಕೃತಿಯಿಂದ ಕಥೆ ತೆಗೆಯಬೇಕು’ ಎನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ನಾಗ, ಯಕ್ಷಿ, ಬೇತಾಳ, ಶಾಪ, ನಿಧಿ. ಇವು ಯಾರಿಗಾದರೂ ಸಿಗುತ್ತವೆ. ಸಿಗದೇ ಇರುವುದು, ಹೋಗಿ ನಿಂತು ನೋಡಿ ತಂದುಕೊಳ್ಳಬೇಕಾದದ್ದು, ಆ ನಾಗನ ಸುತ್ತ ಜನ ಮಾಡುವ ಕೆಲಸ. ನಾಗಬನದ ಮರ ಬಿದ್ದರೆ ಸೌದೆ ಯಾರದು, ತಂಬಿಲದ ಪೂಜೆಯ ಖರ್ಚನ್ನು ಅಣ್ಣತಮ್ಮಂದಿರು ಹೇಗೆ ಹಂಚಿಕೊಳ್ಳುತ್ತಾರೆ, ಜಾಗ ಮಾರುವಾಗ ಬನ ಯಾರ ಪಾಲಿಗೆ ಹೋಗುತ್ತದೆ. ಕಲ್ಪನೆಯ ಲೋಕ ನಿಲ್ಲುವುದು ಇಂಥ ಲೆಕ್ಕಾಚಾರಗಳ ಮೇಲೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರದು. ಕೊನೆಯಲ್ಲಿ ಕಾಡಿನ ಅಂಚಿನ ಪ್ರಪಾತದಲ್ಲಿ ತೇಲಿಹೋಗುವ ಹಾರುವ ಓತಿಯನ್ನು ಕಾಲದ ಆಚೆಯಿಂದ ಬಂದ ಪ್ರಾಣಿಯಂತೆ ನಾವು ನೋಡುತ್ತೇವೆ. ಆದರೆ ಕಾದಂಬರಿ ಕಾಡಿನಲ್ಲಿ ಶುರುವಾಗುವುದಿಲ್ಲ. ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಜೇನುತುಪ್ಪ, ಜೇನುಪೆಟ್ಟಿಗೆ, ಮಂದಣ್ಣನ ಮದುವೆಯ ಉಸಾಬರಿ, ಗದ್ದೆ ಕೆಲಸ, ಪೋಲೀಸು ಕೇಸು. ಪುಟಗಟ್ಟಲೆ ಇವೇ. ವಿಜ್ಞಾನಿ ಕರ್ವಾಲೊಗೆ ಬೇಕಾದ ಪ್ರಾಣಿಯನ್ನು ಕಂಡವನು ಜೇನು ಕೀಳುವ, ಮೇಲಧಿಕಾರಿಗಳ ಮುಂದೆ ತಲೆ ಕೆರೆದುಕೊಂಡು ನಿಲ್ಲುವ ಮಂದಣ್ಣ ಎಂಬುದನ್ನು ನಾವು ನಂಬಬೇಕಾದರೆ ಜೇನಿನ ವಿಚಾರ ಒಂದಿಷ್ಟೂ ತಪ್ಪಾಗಿರಬಾರದು. ತೇಜಸ್ವಿಯವರು ಅಲ್ಲೇ ತೋಟ ಮಾಡಿಕೊಂಡು, ಮೀನು ಹಿಡಿದು, ಹಕ್ಕಿಗಳ ಫೋಟೊ ತೆಗೆದು ಬದುಕಿದವರು. ಹಾರುವ ಓತಿ ಅವರ ಸೃಷ್ಟಿಯೂ ಅಲ್ಲ. ಪಶ್ಚಿಮಘಟ್ಟದ ಕಾಡಿನಲ್ಲಿ, ಅಡಕೆ ತೋಟದಲ್ಲಿ ಅದು ಇಂದಿಗೂ ಇದೆ. ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿಂದು ಬದುಕುತ್ತದೆ. ಇದ್ದ ಪ್ರಾಣಿಗೆ ತೇಜಸ್ವಿ ಕಾಲದ ಅಗಾಧತೆಯನ್ನು ಸೇರಿಸಿದರು.

ಚಂದ್ರಶೇಖರ ಕಂಬಾರರ ಶಿವಾಪುರ ಕಲ್ಪನೆಯ ಊರು. ಆದರೆ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಮಾತು, ಹಾಡು, ಬಯಲಾಟಗಳಿಲ್ಲದೆ ಅದು ಹುಟ್ಟುತ್ತಿರಲಿಲ್ಲ.

ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪ್ರಕಟಿಸಿದರು. ಅದನ್ನು ಬರೆಯುವ ಕಾಲದಲ್ಲಿ ಅವರು ವೋಕಿಂಗ್ ಊರಿನ ಸುತ್ತ ಸೈಕಲ್ ತುಳಿಯುತ್ತ, ಮಂಗಳ ಗ್ರಹದವರು ಬಂದು ಹಾಳುಗೆಡವಲು ತಕ್ಕ ಜಾಗ ಯಾವುದು, ಸಾಯಲು ತಕ್ಕ ಮನುಷ್ಯರು ಯಾರು ಎಂದು ಗುರುತು ಹಾಕಿಕೊಳ್ಳುತ್ತಿದ್ದರಂತೆ. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮಾರ್ಗರೆಟ್ ಆ್ಯಟ್‌ವುಡ್ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಬರೆಯುವಾಗ ಇನ್ನೂ ಕಠಿಣವಾದ ವ್ರತ ಹಿಡಿದರು: ಚರಿತ್ರೆಯಲ್ಲಿ ಎಲ್ಲೋ ಒಂದು ಕಡೆ ಮನುಷ್ಯರು ಮಾಡಿರದ ಯಾವ ಕ್ರೌರ್ಯವನ್ನೂ ಕಾದಂಬರಿಯೊಳಗೆ ತರಬಾರದು ಎಂದು. ಇದಕ್ಕಾಗಿ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಮದ್ರಾಸಿನ ವಿಚಾರಕ್ಕೇ ಮರಳುತ್ತೇನೆ, ಏಕೆಂದರೆ ಅದ್ಭುತವನ್ನು ಹಗಲು ರಾತ್ರಿ ತಯಾರಿಸಿದ ಊರು ಇದು. ಉಡುಪಿ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯರು ಟೂರಿಂಗ್ ಟಾಕೀಸು ನಡೆಸಿ, ಮೈಸೂರಿನಲ್ಲಿ ಡಿ. ಶಂಕರಸಿಂಗ್ ಅವರ ಜೊತೆ ಕನ್ನಡ ಚಿತ್ರಗಳನ್ನು ಮಾಡಿ, ಆಮೇಲೆ ಇಲ್ಲಿಗೆ ಬಂದು ನೆಲೆಸಿ ತೆಲುಗಿನ ಜಾನಪದ ಚಿತ್ರಗಳ ದೊರೆಯಾದರು. ಅವರ 1978ರ ‘ಜಗನ್ಮೋಹಿನಿ’ ನೋಡಿದವರು ಉಳಿದದ್ದೆಲ್ಲ ಮರೆತರೂ ಒಂದು ದೃಶ್ಯವನ್ನು ಮರೆಯುವುದಿಲ್ಲ. ದೆವ್ವ ಅಡುಗೆಮನೆಯಲ್ಲಿ ಕೂತು ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಒಡ್ಡಿ ಅಡುಗೆ ಬೇಯಿಸುತ್ತದೆ. ಆ ಕಾಲದ ತಂತ್ರಜ್ಞಾನ ಇಂದಿನ ಮಕ್ಕಳಿಗೆ ಏನೂ ಅನ್ನಿಸದಿರಬಹುದು. ಆದರೆ ಥಿಯೇಟರಿನಲ್ಲಿ ಕೂತಿದ್ದ ಹೆಂಗಸರಲ್ಲಿ ಹಲವರು ಅದೇ ದಿನ ಬೆಳಗ್ಗೆ ಅಂಥದೇ ಒಲೆಯ ಮುಂದೆ ಕೂತು, ಹಸಿ ಸೌದೆಯ ಹೊಗೆ ಕುಡಿದು ಎದ್ದು ಬಂದಿದ್ದವರು. ಸೌದೆ ತೀರಿದರೆ ಏನು ಗತಿ ಎಂಬುದು ಅವರಿಗೆ ದಿನದ ಚಿಂತೆ. ಆ ಭಯಕ್ಕೆ ಬಲ ಬಂದದ್ದು ಒಲೆಯಿಂದ. ಸಂಸಾರಕ್ಕಾಗಿ ತನ್ನನ್ನೇ ಸುಟ್ಟುಕೊಳ್ಳುವ ಸೊಸೆಯ ಚಿತ್ರ ಅದರೊಳಗೆ ಅಡಗಿದೆ ಎಂದೂ ನನಗೆ ಅನ್ನಿಸುತ್ತದೆ.

ತಮಿಳಿನ ಲೇಖಕ ಸುಜಾತಾ ವಿಠಲಾಚಾರ್ಯರದಕ್ಕೆ ತಿರುಗುಮುರುಗಾದ ಪಯಣ ಮಾಡಿದವರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿ, ಮತಯಂತ್ರ ರೂಪಿಸಿದ ಕೆಲಸದಲ್ಲಿ ಭಾಗಿಯಾಗಿ, ಅದೇ ಕೈಯಲ್ಲಿ ಜೀನೋ ಎಂಬ ಯಂತ್ರನಾಯಿಯ ಕಥೆ ಬರೆದರು. ಯಂತ್ರ ಎಲ್ಲಿ ಕೈಕೊಡುತ್ತದೆ ಎಂದು ಬಲ್ಲವರ ಬರವಣಿಗೆ ಅದು.

ಇನ್ನು ನಮ್ಮ ಜನ. ಬರೆಯುವವರು ಕಥೆ ಕಟ್ಟುವುದಕ್ಕಿಂತ ಎಷ್ಟೋ ಮೊದಲೇ ಅವರು ಕಟ್ಟಿಯಾಗಿತ್ತು. ಬಳ್ಳಾರಿ ಬಳಿಯ ಕುಡತಿನಿಯಲ್ಲಿ ಬೂದಿಯ ದಿಬ್ಬವಿದೆ. ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗುವಷ್ಟು ಬೆಂಕಿ ಕಂಡ ಜಾಗ. ರಾಕ್ಷಸರನ್ನು ಸುಟ್ಟ ಬೂದಿ ಎಂದರು ಸುತ್ತಲಿನವರು. ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟದ್ದು ಎಂದರು. ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ತೆಲಂಗಾಣದ ಉಟ್ನೂರಿನ ಅಂಥದೇ ದಿಬ್ಬವನ್ನು ಅಗೆದ ಪುರಾತತ್ವಜ್ಞ ರೇಮಂಡ್ ಆಲ್‌ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಅಚ್ಚುಗಳೇ ಕಂಡವು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು ಅವು. ಮತ್ತೆ ಮತ್ತೆ ಸಗಣಿ ಪೇರಿಸಿ ಬೆಂಕಿ ಇಟ್ಟಿದ್ದರು. ಏಕೆ ಇಟ್ಟರು? ರೋಗಕ್ಕೋ, ಹಬ್ಬಕ್ಕೋ? ನಮ್ಮಲ್ಲಿ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತೇವೆ. ಆಲ್‌ಚಿನ್ ಕೂಡ ಇಂಥ ಹಬ್ಬಗಳತ್ತ ಬೆರಳು ತೋರಿದ್ದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ನೂರಾರು ಸಮಾಧಿಗಳಿವೆ. ಊರವರಿಗೆ ಅದು ಮೋರ್ಯರ ಗುಡ್ಡ, ಕುಳ್ಳರಾದ ಮೋರ್ಯರು ಬಾಳಿದ ಮನೆಗಳು. ತಮಿಳುನಾಡಿನಲ್ಲಿ ನೆಲದಡಿಯ ದೊಡ್ಡ ಮಡಕೆಗಳ ಬಗ್ಗೆ ಹೇಳುವ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಹಿಂದೆ ಮುದುಕರು ಸಾಯುತ್ತಲೇ ಇರಲಿಲ್ಲವಂತೆ, ಕುಗ್ಗಿ ಕುಗ್ಗಿ ಮಗುವಿನಷ್ಟಾಗುತ್ತಿದ್ದರಂತೆ, ಕೊನೆಗೆ ಒಂದಿಷ್ಟು ಅನ್ನ ನೀರು ಜೊತೆಗಿಟ್ಟು ಮಡಕೆಯೊಳಗೆ ಕೂರಿಸುತ್ತಿದ್ದರಂತೆ. ವಯಸ್ಸಾದವರನ್ನು ನೋಡಿಕೊಳ್ಳುವ ಭಾರ, ಅದರ ಅಪರಾಧಭಾವ, ಪ್ರೀತಿ ಎಲ್ಲವನ್ನೂ ಒಳಗೊಂಡ ಇಂಥ ವಿಜ್ಞಾನ ಕಥೆಯನ್ನು ಬರೆದವರು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮಡಕೆಯ ಜನ ಇಂದು ಇಲ್ಲ. ದೈವಾರಾಧನೆಯ ಜನ ಇದ್ದಾರೆ. 2022ರಲ್ಲಿ ‘ಕಾಂತಾರ’ ದೇಶವೆಲ್ಲ ನೋಡಿದ ಚಿತ್ರವಾದ ಮೇಲೆ ಥಿಯೇಟರುಗಳಲ್ಲಿ, ರೀಲ್ಸುಗಳಲ್ಲಿ, ಛದ್ಮವೇಷಗಳಲ್ಲಿ ದೈವದ ಅನುಕರಣೆ ಶುರುವಾಯಿತು. ತುಳುನಾಡಿನಲ್ಲಿ ನೋವೂ ಸಿಟ್ಟೂ ಎದ್ದವು. ಹಾಗೆ ಮಾಡಬೇಡಿ ಎಂದು ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಂಡರು. ಅದೇ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಗಗ್ಗರ ಕಟ್ಟಿ ಕುಣಿಯುವ ಪಂಬದ, ಪರವ, ನಲಿಕೆ ಸಮುದಾಯದವರು ಕುಣಿತದ ರಾತ್ರಿ ದೈವವಾಗಿ ಊರಿನ ಯಜಮಾನನಿಗೂ ಬುದ್ಧಿ ಹೇಳುತ್ತಾರೆ. ಬೆಳಗಾದ ಮೇಲೆ ಅದೇ ಅಂಗಳದಲ್ಲಿ ಅವರ ಸ್ಥಾನ ಬೇರೆ. ಈ ಎರಡನ್ನೂ ಒಟ್ಟಿಗೆ ಕಾಣದೆ ಬರೀ ಆವೇಶವನ್ನು ಎತ್ತಿಕೊಂಡು ಬಂದವರ ಫ್ಯಾಂಟಸಿಯನ್ನು ನಾನು ಓದಲಾರೆ. ಕೇಳಿ ಬರೆಯಬೇಕು. ಬೇಡ ಎಂದರೆ ಬಿಡಬೇಕು.

ಹಾಗಾದರೆ ಪಲ್ಲಾವರದ ಕಥೆ ಯಾವುದು?

ನನ್ನ ಸುತ್ತ ಇರುವುದನ್ನು ಹೇಳುತ್ತೇನೆ. ಗುಡ್ಡಗಳ ಕಲ್ಲು ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಗೆ ಹಾಕಿದ್ದು ಈ ಸೀಮೆಯ ಕಲ್ಲೇ ಆದ್ದರಿಂದ ಭೂವಿಜ್ಞಾನಿ ಹಾಲೆಂಡ್ ಅದಕ್ಕೆ ಆ ಹೆಸರು ಕೊಟ್ಟರು. ಫೂಟ್ ಅವರಿಗೆ ಸಿಕ್ಕ ಕೈಗೊಡಲಿಯೋ ಈ ಗುಡ್ಡದ ಕಲ್ಲಿನದಲ್ಲ, ಕ್ವಾರ್ಟ್‌ಜೈಟ್. ಗುಡ್ಡದ ಮೇಲೆ ಪಲ್ಲವ ಮಹೇಂದ್ರವರ್ಮ ಕೊರೆಸಿದ ಗುಹಾಲಯ ಇಂದು ದರ್ಗಾ. ಬಾದಾಮಿಯ ಇಮ್ಮಡಿ ಪುಲಕೇಶಿಯ ಜೊತೆ ಕಾದಾಡಿದ, ‘ಮತ್ತವಿಲಾಸ’ ಪ್ರಹಸನ ಬರೆದ ಅದೇ ಮಹೇಂದ್ರವರ್ಮ. ಹಳೆಯ ಟ್ರಂಕ್ ರಸ್ತೆಯಲ್ಲಿ ಶುಕ್ರವಾರದ ಸಂತೆ: ಸತ್ತ ಮೊಬೈಲು, ಬಿಚ್ಚಿದ ಟೀವಿ, ತುಕ್ಕು ಹಿಡಿದ ಸ್ಪ್ಯಾನರು, ಗಿಡ, ಮೀನಿನ ಮರಿ, ಯಾರದೋ ಮನೆಯ ಗೋಡೆಯಿಂದ ಇಳಿದ ಗಡಿಯಾರ. ಆಚೆಗೆ ವಿಮಾನ ನಿಲ್ದಾಣ. ಅದರ ಒಂದು ರನ್‌ವೇ ಅಡ್ಯಾರ್ ನದಿಯ ಮೇಲೆಯೇ ಹಾದುಹೋಗುತ್ತದೆ. 2015ರ ಡಿಸೆಂಬರಿನಲ್ಲಿ ನದಿ ಉಕ್ಕಿದಾಗ ನಿಲ್ದಾಣವನ್ನು ದಿನಗಟ್ಟಲೆ ಮುಚ್ಚಬೇಕಾಯಿತು. ರೇಡಿಯಲ್ ರಸ್ತೆ ಪೆರಿಯ ಏರಿಯನ್ನು, ಅಂದರೆ ಇಲ್ಲಿನ ದೊಡ್ಡ ಕೆರೆಯನ್ನು, ಸೀಳಿಕೊಂಡು ಹೋಗಿದೆ.

ಮತ್ತೆ ನೆಲದ ಕೆಳಗೆ ಸತ್ತವರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ರೀ ಇಲ್ಲಿ ಅಗೆದಾಗ, ಸಾಲುಸಾಲು ಕಾಲುಗಳಿರುವ ಸುಟ್ಟ ಮಣ್ಣಿನ ಶವಪೆಟ್ಟಿಗೆ ಹೊರಬಂತು. ಬೃಹತ್ ಶಿಲಾಯುಗದ ಈ ನೆಲೆ ಈಗ ಸಂರಕ್ಷಿತ. ಇಂಥ ನೆಲೆಗಳಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು ಎನ್ನುತ್ತದೆ 2010ರಲ್ಲಿ ತಿದ್ದುಪಡಿಯಾದ ಕಾನೂನು. ಜಮೀನ್ ಪಲ್ಲಾವರದ ಬೀದಿಗಳಲ್ಲಿ ಮನೆ ಇರುವ ಬಡ, ಮಧ್ಯಮ ವರ್ಗದವರಿಗೆ ಇದು ದಿನನಿತ್ಯದ ಕಷ್ಟ. ಮಗಳ ಮದುವೆಗೆ ಮುಂಚೆ ಮೇಲೊಂದು ಕೋಣೆ ಎಬ್ಬಿಸಬೇಕು, ಸೋರುವ ಮಾಳಿಗೆ ಕೆಡವಿ ಕಟ್ಟಬೇಕು, ಬ್ಯಾಂಕು ಸಾಲ ಕೊಡಬೇಕು. ಎಲ್ಲಕ್ಕೂ ಎರಡು ಸಾವಿರ ವರ್ಷಕ್ಕೂ ಹಿಂದೆ ಮಣ್ಣಾದವರು ಅಡ್ಡ ಮಲಗಿದ್ದಾರೆ. ಆ ಪರಂಪರೆ ಉಳಿಯಲೇಬೇಕು. ಈ ಮನೆಯವರೂ ಬದುಕಬೇಕು.

ನಾನು ಬರೆಯುತ್ತಿರುವ ಕಥೆಯಲ್ಲಿ ಒಂದೇ ಒಂದನ್ನು ಬದಲಾಯಿಸಿದ್ದೇನೆ. ಆ ಪಲ್ಲಾವರದಲ್ಲಿ ಸತ್ತವರ ಒಪ್ಪಿಗೆ ಪತ್ರವನ್ನೂ ಅರ್ಜಿಗೆ ಲಗತ್ತಿಸಬೇಕು. ಉಳಿದಂತೆ ಎಲ್ಲ ಈಗಿನದೇ: ಅದೇ ಕಚೇರಿ, ಅದೇ ಜೆರಾಕ್ಸ್ ಅಂಗಡಿ, ಶುಕ್ರವಾರ ಬೇಡ ಸಂತೆಯ ಜನಜಂಗುಳಿ ಎಂಬ ಅದೇ ಮಾತು. ಬಳ್ಳಾರಿ ಕಡೆಯಿಂದ ಬಂದು ಇಲ್ಲೇ ಮೂರು ತಲೆಮಾರು ಕಳೆದ ಒಂದು ಕನ್ನಡದ ಕುಟುಂಬ ಅರ್ಜಿ ಹಾಕುತ್ತದೆ. ಮನೆಯೊಳಗೆ ಅವರ ಅಜ್ಜಿ ‘ಕೇಳ್ರಪ್ಪಾ, ಅವ್ರಿಗೂ ಒಂದು ಮಾತು ಕೇಳ್ರಿ’ ಎನ್ನುತ್ತಾಳೆ. ಮಗ ‘ಸುಮ್ನಿರಬೇ, ಅದ್ಕ ಅಂತಾನೇ ಒಂದು ಕೌಂಟರ್ ಐತಿ’ ಎನ್ನುತ್ತಾನೆ.

ಬಗೆಹರಿಯಬೇಕಾದದ್ದು ಆ ಕೌಂಟರಿನಲ್ಲಿ ಸತ್ತವರ ಪರವಾಗಿ ಮಾತಾಡುವವರು ಯಾರು ಎಂಬುದು. ಪೂಜಾರಿಯನ್ನು ಕೂರಿಸಲು ಮನಸ್ಸಿಲ್ಲ, ಪುರಾತತ್ವಜ್ಞರನ್ನು ಕೂರಿಸಿದರೆ ಕಥೆ ಉಪನ್ಯಾಸವಾಗುತ್ತದೆ. ಕುಂಬಾರರನ್ನು ಕೂರಿಸಬೇಕು ಎಂದು ಈಗ ಅನ್ನಿಸುತ್ತಿದೆ. ಆ ಪೆಟ್ಟಿಗೆಯನ್ನು ಮಾಡಿದವರು, ಅಂದರೆ ಸತ್ತವರ ಅಳತೆ ತೆಗೆದುಕೊಂಡವರು, ಅವರೇ ತಾನೆ? ಅದಕ್ಕೆ ಕೋಸಪೇಟೆಗೆ ಹೋಗಬೇಕು. ಗಣಪತಿ ಹಬ್ಬ, ನವರಾತ್ರಿ ಬೊಂಬೆಗಳ ಗಡಿಬಿಡಿ ಮುಗಿದ ಮೇಲಾದರೆ ಅಲ್ಲಿನ ಕುಂಬಾರರಿಗೆ ಮಾತಾಡಲು ಪುರಸೊತ್ತು ಇರುತ್ತದೆ. ಮನುಷ್ಯ ಹಿಡಿಸುವಷ್ಟು ದೊಡ್ಡ ಮಣ್ಣಿನ ತೊಟ್ಟಿ ಈ ಊರಿನ ಕಡಲಗಾಳಿಗೆ ಎಷ್ಟು ದಿನಕ್ಕೆ ಒಣಗುತ್ತದೆ, ಬಿರುಕು ಬಿಡದಿರಲು ಮಣ್ಣಿಗೆ ಏನು ಬೆರೆಸುತ್ತಾರೆ, ಅಷ್ಟು ಕಾಲುಗಳನ್ನು ಒಣಗುವ ಮೊದಲು ಕೂರಿಸುತ್ತಾರೋ ಆಮೇಲೋ, ಸುಡಲು ಎಷ್ಟು ಸೌದೆ ಬೇಕು ಎಂದು ಕೇಳಬೇಕು. ಸಾವು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾದರೆ ಆ ಕಾಲದ ಕುಂಬಾರ ಇಂಥ ಪೆಟ್ಟಿಗೆಯನ್ನು ಮೊದಲೇ ಮಾಡಿಟ್ಟುಕೊಂಡು ಮಾರುತ್ತಿದ್ದನೋ, ಇಲ್ಲ ಸತ್ತ ಸುದ್ದಿ ಬಂದ ಮೇಲೆ ಮಣ್ಣು ಕಲಸುತ್ತಿದ್ದನೋ? ಮೊದಲೇ ಮಾಡಿಟ್ಟಿದ್ದರೆ ಅದನ್ನು ಮನೆಯ ಯಾವ ಮೂಲೆಯಲ್ಲಿ ಇಡುತ್ತಿದ್ದನು, ಅವನ ಮಕ್ಕಳು ಅದರೊಳಗೆ ಕೂತು ಆಡುತ್ತಿದ್ದರೆ? ಇದಕ್ಕೆ ಉತ್ತರ ಸಿಕ್ಕಿದ ದಿನ ಕಥೆಯ ಎರಡನೇ ಭಾಗ ಶುರುವಾಗುತ್ತದೆ.